ಬೀರ್ ಬಿಲ್ಲಿಂಗ್‌ಗೆ ಹೊರಟಿದ್ದೀರಾ? ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ

ಬೆಂಗಳೂರಿನಿಂದ ಬೀರ್‌ಗೆ ಹೋಗುವವರ ಪ್ಲಾನ್ ಸಾಮಾನ್ಯವಾಗಿ ಒಂದೇ ಥರ. ಶುಕ್ರವಾರ ರಾತ್ರಿ ದೆಹಲಿಯಿಂದ ಬಸ್, ಶನಿವಾರ ಪ್ಯಾರಾಗ್ಲೈಡಿಂಗ್, ಭಾನುವಾರ ವಾಪಸ್, ಸೋಮವಾರ ಆಫೀಸು. ನಾವೂ ಹಾಗೇ ಲೆಕ್ಕ ಹಾಕಿದ್ದೆವು. ಜೊತೆಗೆ ಬರುವವರಿದ್ದ ಭಾವ ಮಾತ್ರ ಒಪ್ಪಲಿಲ್ಲ. "ಬೆಟ್ಟದ ಹವಾಮಾನ ನಿಮ್ಮ ರಜೆ ನೋಡಿ ಬರಲ್ಲ, ಒಂದು ದಿನ ಖಾಲಿ ಇಡಿ" ಅಂದರು. ಇಟ್ಟೆವು, ಒಳ್ಳೆಯದೇ ಆಯಿತು.

ಜಾಗದ ಬಗ್ಗೆ ಗೊತ್ತಿಲ್ಲದವರಿಗೆ: ಇದು ಹಿಮಾಚಲದ ಕಾಂಗ್ರಾ ಜಿಲ್ಲೆ. ಬಟ್ಟೆಯ ರೆಕ್ಕೆಗೆ ಜೋತುಬಿದ್ದು, ಪೈಲಟ್ ಜೊತೆ ಹಾರುವುದು ಬಿಲ್ಲಿಂಗ್‌ನಿಂದ, ಸುಮಾರು 2,400 ಮೀಟರ್ ಎತ್ತರ. ಇಳಿಯುವುದು ಸಾವಿರ ಮೀಟರ್‌ನಷ್ಟು ಕೆಳಗಿರುವ ಬೀರ್‌ನಲ್ಲಿ. ನಡುವೆ ಸುಮಾರು 14 ಕಿ.ಮೀ. ಜೀಪು ರಸ್ತೆ. 2015ರಲ್ಲಿ ಇಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿತ್ತು. ಹಿಂದೆ ಧೌಲಾಧಾರ್ ಪರ್ವತಸಾಲು, ಮುಂದೆ ಕಣಿವೆ. ಬಿಸಿಲಿಗೆ ಕಾದ ಇಳಿಜಾರಿನಿಂದ ಬಿಸಿಗಾಳಿ ಮೇಲೇಳುತ್ತದೆ, ಪೈಲಟ್‌ಗಳು ಅದನ್ನು ಥರ್ಮಲ್ ಅನ್ನುತ್ತಾರೆ. ಬಿಲ್ಲಿಂಗ್‌ಗೆ ಹೆಸರು ಬಂದಿದ್ದೇ ಈ ಗಾಳಿಯಿಂದ. ತೊಂದರೆ ಕೊಡುವುದೂ ಇದೇ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ಸ್ವಲ್ಪ ಸಮಾಧಾನವಾಗಿರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೂ ಹಾರಿಸುತ್ತಾರೆ, ಆದರೆ ಆಗ ಥರ್ಮಲ್‌ಗಳ ಜೋರು ಜಾಸ್ತಿ. ಮಳೆಗಾಲದಲ್ಲಿ, ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರ್ಕಾರವೇ ನಿಲ್ಲಿಸುತ್ತದೆ. ಆಗ ಯಾರಾದರೂ "ಹಾರಿಸ್ತೀವಿ ಬನ್ನಿ" ಅಂದರೆ ಆ ಕಡೆ ತಲೆ ಹಾಕಬೇಡಿ.

ಮೊದಲ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಸ್ವಚ್ಛ. ಬಿಲ್ಲಿಂಗ್ ತಲುಪಿ ಚಹಾ, ಮ್ಯಾಗಿ ಮುಗಿಸುವ ಹೊತ್ತಿಗೆ ಹಿಂದಿನ ಬೆಟ್ಟದ ತಲೆಯ ಮೇಲೆ ಮೋಡ ಕಟ್ಟತೊಡಗಿತ್ತು. ಟೇಕಾಫ್ ಜಾಗದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ ಒಂದು ಕ್ಷಣ ನಮ್ಮ ಕಡೆ ಉಬ್ಬುತ್ತಿತ್ತು, ಮರುಕ್ಷಣ ಜೋತು ಬೀಳುತ್ತಿತ್ತು, ಆಮೇಲೆ ಕಣಿವೆ ಕಡೆ ತಿರುಗುತ್ತಿತ್ತು. ನಮ್ಮ ಪೈಲಟ್ ಅದನ್ನೇ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಹಾಸಿದ್ದ ಗ್ಲೈಡರನ್ನು ಮಡಚತೊಡಗಿದರು. "ಆಜ್ ನಹೀಂ" (ಇವತ್ತು ಬೇಡ) ಅಂದರು, ಅಷ್ಟೇ. ಪಕ್ಕದಲ್ಲಿದ್ದ ಗುಂಪೊಂದು ಜಗಳಕ್ಕೇ ನಿಂತಿತು, "ಬೇರೆಯವರು ಹಾರ್ತಿದ್ದಾರಲ್ಲ" ಅಂತ. ಮಧ್ಯಾಹ್ನ ಬೀರ್‌ನಲ್ಲಿ ಗಾಳಿ, ಮಳೆ ಎರಡೂ ಬಂದವು. ನಾವು ಅಷ್ಟರಲ್ಲಿ ಜೀಪಿನಲ್ಲಿ ಇಳಿದು, ಟಿಬೆಟನ್ ಕಾಲೊನಿಯಲ್ಲಿ ಮೊಮೊ ತಿನ್ನುತ್ತಿದ್ದೆವು. ಮಳೆ ನಿಂತ ಮೇಲೆ ಬೈಜನಾಥದ ಶಿವ ದೇವಸ್ಥಾನಕ್ಕೂ ಹೋಗಿ ಬಂದೆವು.

ಪೈಲಟ್ ನೋಡಿದ್ದೇನು? ಪ್ಯಾರಾಗ್ಲೈಡರ್‌ನ ವೇಗ ಗಂಟೆಗೆ ಹೆಚ್ಚುಕಡಿಮೆ 35ರಿಂದ 40 ಕಿ.ಮೀ. ಎದುರುಗಾಳಿಯೂ ಅಷ್ಟೇ ಜೋರಾದರೆ ಮುಂದೆ ಹೋಗಲಾಗದೆ ನಿಂತಲ್ಲೇ ನಿಲ್ಲುತ್ತದೆ, ಇನ್ನೂ ಜೋರಾದರೆ ಹಿಂದಕ್ಕೇ ಹೋಗುತ್ತದೆ. ಹಿಂದೆ ಬೆಟ್ಟ ಇದ್ದರೆ ಅದರಾಚೆ ಸುತ್ತುವ ಗಾಳಿಯಲ್ಲಿ ರೆಕ್ಕೆ ಮುದುಡಬಹುದು. ಇನ್ನೊಂದು ಭಯ ಮೋಡದ್ದು. ಹೂಕೋಸಿನ ಹಾಗೆ ಮೇಲಕ್ಕೆ ಬೆಳೆಯುತ್ತಾ ಹೋಗುವ ಮೋಡ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. 2007ರಲ್ಲಿ ಆಸ್ಟ್ರೇಲಿಯಾದ ಮ್ಯಾನಿಲ್ಲಾದಲ್ಲಿ ಜರ್ಮನ್ ತಂಡದ ಪ್ಯಾರಾಗ್ಲೈಡಿಂಗ್ ಪೈಲಟ್ ಎವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗು ಮೋಡವೊಂದು ಸುಮಾರು 9,900 ಮೀಟರ್‌ವರೆಗೆ ಎಳೆದೊಯ್ದಿತ್ತು. ಪ್ರಜ್ಞೆ ತಪ್ಪಿದ್ದ ಅವರು ಬದುಕಿದರು. ಅದೇ ಬಿರುಗಾಳಿಗೆ ಸಿಕ್ಕಿದ ಚೀನಾದ ಪೈಲಟ್ ಉಳಿಯಲಿಲ್ಲ. ಮೋಡ ತಲೆಯ ಮೇಲೇ ಇರಬೇಕೆಂದಿಲ್ಲ. ದೂರದಲ್ಲಿ ಮಳೆ ಸುರಿಯುತ್ತಿದ್ದರೂ ಅದರಿಂದ ಹೊರಟ ತಣ್ಣನೆ ಗಾಳಿ ಎಷ್ಟೋ ಕಿಲೋಮೀಟರ್ ಮುಂದೆ ಬಂದು ಹೊಡೆಯುತ್ತದೆ.

ಇದನ್ನೆಲ್ಲ ನೀವೇ ಅಳೆಯಬೇಕಿಲ್ಲ, ಅದು ಪೈಲಟ್ ಕೆಲಸ. ಆದರೆ ಬಹಳ ಕಡೆ ಪೈಲಟ್‌ಗೆ ಹಣ ಸಿಗುವುದು ಹಾರಿಸಿದರೆ ಮಾತ್ರ. "ಬೇಡ" ಅಂದರೆ ಅವರಿಗೂ ನಷ್ಟ. ಮೇಲಿಂದ ಗಿರಾಕಿಯೂ ಗೊಣಗಿದರೆ? ಅದಕ್ಕೇ ಹಾರುವ ಮೊದಲೇ ಹೇಳಿಬಿಡಿ: "ನಿಮಗೆ ಸರಿ ಅನಿಸದಿದ್ದರೆ ಬೇಡ, ನಾಳೆಯೂ ಇರ್ತೀವಿ." ವಾಪಸ್ ಬಸ್ ಅದೇ ರಾತ್ರಿ ಇದ್ದರೆ ಈ ಮಾತು ಬಾಯಿಗೆ ಬರಲ್ಲ, ಅಲ್ವಾ? ಒಬ್ಬರು ಬೇಡ ಅಂದಾಗ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವುದಂತೂ ನನ್ನ ಪ್ರಕಾರ ಶುದ್ಧ ಹುಚ್ಚುತನ. ಬುಕ್ ಮಾಡುವಾಗಲೇ ಹವಾಮಾನ ಕೈಕೊಟ್ಟರೆ ದುಡ್ಡು ವಾಪಸ್ಸೋ, ಬೇರೆ ದಿನವೋ ಅಂತ ಕೇಳಿಕೊಳ್ಳಿ.

ಮರುದಿನ ಬೇಗ ಹೋದೆವು. ಗಾಳಿ ಎದುರಿನಿಂದ ಒಂದೇ ಸಮನೆ ಬರುತ್ತಿತ್ತು. ಪೈಲಟ್ ಬಕಲ್ ಹಾಕಿದ ಮೇಲೂ ಎರಡು ತೊಡೆಗಳ ಪಟ್ಟಿ, ಎದೆಪಟ್ಟಿ ಎಲ್ಲವನ್ನೂ ನಾನೇ ಕೈಯಿಂದ ಮುಟ್ಟಿ, ಎಳೆದು ನೋಡಿದೆ. ನೀವೂ ನೋಡಿ, ಅದರಲ್ಲಿ ನಾಚಿಕೆ ಇಲ್ಲ. ತುರ್ತಿಗೆಂದು ಇಡುವ ರಿಸರ್ವ್ ಪ್ಯಾರಾಶೂಟ್ ಎಲ್ಲಿದೆ, ಪ್ರವಾಸೋದ್ಯಮ ಇಲಾಖೆಯ ಲೈಸೆನ್ಸ್ ಇದೆಯಾ ಅಂತಲೂ ಕೇಳಿ. ಆಮೇಲೆ ಕಿವಿಯ ಹಿಂದೆ "ಭಾಗೋ, ಭಾಗೋ!" ಅನ್ನುವ ಕೂಗು. ಕಾಲು ನೆಲ ಬಿಟ್ಟರೂ ಓಡುತ್ತಲೇ ಇರಬೇಕು. ಅರ್ಧದಲ್ಲೇ ಕೂತುಬಿಟ್ಟರೆ ಇಬ್ಬರೂ ಇಳಿಜಾರಿನಲ್ಲಿ ಉರುಳುತ್ತೀರಿ. ಮೇಲೆ ಹೊಟ್ಟೆ ತೊಳಸಿದರೆ ತಕ್ಷಣ ಹೇಳಿ, ಸುಮ್ನೆ ಸಹಿಸಬೇಡಿ. ಅವರು ಸುತ್ತುವುದನ್ನು ಬಿಟ್ಟು ನೇರ ಇಳಿಸುತ್ತಾರೆ.

ಪ್ಯಾರಾಮೋಟರ್, ಅಂದರೆ ಎಂಜಿನ್ ಇರುವ ಪ್ಯಾರಾಗ್ಲೈಡರ್ ಬಗ್ಗೆ ಒಂದು ಮಾತು. ಎಂಜಿನ್ ಇದೆ, ಗಾಳಿ ಬಂದರೇನು ಅಂತ ಕೆಲವರು ಅಂದುಕೊಳ್ಳುತ್ತಾರೆ. ಎಂಜಿನ್ ನಿಮ್ಮನ್ನು ಮೇಲೇರಿಸುತ್ತದೆ ನಿಜ, ಆದರೆ ತಲೆಯ ಮೇಲಿರುವುದು ಅದೇ ಬಟ್ಟೆಯ ರೆಕ್ಕೆ. ಗಾಳಿ ಶಾಂತವಾಗಿರುವ ಬೆಳಗಿನ ಜಾವ ಅಥವಾ ಇಳಿಹೊತ್ತೇ ಅದಕ್ಕೆ ಸರಿ. ಸಮುದ್ರ ತೀರದಲ್ಲಾದರೆ ನೀರಿನ ಮೇಲೆ ಹೋಗಬೇಡಿ ಎಂದು ಮೊದಲೇ ಹೇಳಿ. ಬಿದ್ದರೆ ಆ ಭಾರ ಮುಳುಗಿಸುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು: ಪಾದದ ಗಂಟು ಮುಚ್ಚುವ ಶೂ, ಜಾಕೆಟ್, ತೆಳು ಗ್ಲೌಸ್, ಹಗುರ ತಿಂಡಿ. ಇನ್ಶೂರೆನ್ಸ್ ಮಾತ್ರ ಸಣ್ಣದಲ್ಲ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರುವುದಿಲ್ಲ. ಹೊರಡುವ ಮೊದಲೇ ಕಂಪನಿಗೆ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ.