ಶಿಲುಬೆಗೂ ನೀರಿಗೂ ಏನು ಸಂಬಂಧ?

ನಾನು ರಷ್ಯನ್ ಕಲಿತಿದ್ದೇನೆ ಅಂತ ಗೊತ್ತಾದವರು ಜಾಸ್ತಿ ಕೇಳುವ ಪ್ರಶ್ನೆ ಇದು: “ಅಲ್ಲಿ ಶಿಲುಬೆಗೆ ಕ್ರೆಸ್ತ್ ಅಂತಾರೆ, ದೀಕ್ಷಾಸ್ನಾನಕ್ಕೆ ಕ್ರೆಶ್ಚೇನಿಯೆ ಅಂತಾರೆ. ಶಿಲುಬೆಗೂ ನೀರಿಗೂ ಏನು ಸಂಬಂಧ?”

ಎರಡನ್ನೂ ಕಟ್ಟಿ ಹಾಕಿರುವುದು ಕ್ರಿಸ್ತನ ಹೆಸರು. ಕ್ರೆಸ್ತ್ ಅಂದ ಕೂಡಲೇ ಇಂಗ್ಲಿಷಿನ ಕ್ರಾಸ್ ನೆನಪಾಗುತ್ತದೆ, ಅಲ್ವಾ? ಆದರೆ ಎರಡರ ಬೇರೂ ಬೇರೆ. ಕ್ರಾಸ್ ಹುಟ್ಟಿದ್ದು ಲ್ಯಾಟಿನ್ನಿನ ಕ್ರುಕ್ಸ್‌ನಿಂದ. ಕ್ರೆಸ್ತ್ ಬಂದದ್ದು ಹಳೆಯ ಜರ್ಮನ್ನಿನ ‘ಕ್ರಿಸ್ಟ್’ನಿಂದ ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. 863ರಲ್ಲಿ ಸ್ಲಾವ್ ಜನರಿಗೆ (ರಷ್ಯನ್ನರು, ಪೋಲಿಷರು, ಜೆಕ್ಕರು ಇವರೆಲ್ಲ ಆ ಬಳಗದವರು) ಕ್ರೈಸ್ತ ಧರ್ಮ ಸಾರಲು ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಈಗಿನ ಜೆಕ್ ನಾಡಿನ ಕಡೆಯ ಮೊರಾವಿಯಾಕ್ಕೆ ಬರುವ ಮೊದಲೇ ಜರ್ಮನ್ ಮಾತಾಡುವ ಬವೇರಿಯಾದ ಪಾದ್ರಿಗಳು ಅಲ್ಲಿ ಓಡಾಡಿದ್ದರು. ಮೊದಲು ಅದು ಕ್ರಿಸ್ತನ ಹೆಸರೇ. ಆಮೇಲೆ ಅವನನ್ನು ಏರಿಸಿದ ಮರಕ್ಕೂ ಅದೇ ಹೆಸರು ನಿಂತಿತು. ಹಾಗಾಗಿ ದೀಕ್ಷಾಸ್ನಾನ ಮಾಡಿಸುವುದಕ್ಕೆ ರಷ್ಯನ್ನಿನಲ್ಲಿ ಹೇಳುವ ‘ಕ್ರೆಸ್ತೀತ್’ ಅಂದರೆ ಮೂಲದಲ್ಲಿ ಕ್ರಿಸ್ತನವರನ್ನಾಗಿ ಮಾಡುವುದು. ಆ ಪದದೊಳಗೆ ನೀರಿಲ್ಲ.

ನೀರು ಇರುವುದು ಆಚರಣೆಯಲ್ಲಿ. ಜನವರಿ 19 ರಷ್ಯಾದಲ್ಲಿ ಕ್ರೆಶ್ಚೇನಿಯೆ ಹಬ್ಬ, ಯೊರ್ದನ್ ಹೊಳೆಯಲ್ಲಿ ಯೇಸುವಿಗಾದ ದೀಕ್ಷಾಸ್ನಾನದ ನೆನಪು. ಹೆಪ್ಪುಗಟ್ಟಿದ ನದಿಯ ಮೇಲೆ ಗರಗಸ ಹಿಡಿದು, ಎಷ್ಟೋ ಕಡೆ ಶಿಲುಬೆಯ ಆಕಾರದಲ್ಲೇ ಮಂಜುಗಡ್ಡೆ ಕೊಯ್ಯುತ್ತಾರೆ. ಆ ಬಾಯಿಗೂ ಯೊರ್ದನ್ ಅಂತಲೇ ಹೆಸರು. ಪಾದ್ರಿ ನೀರನ್ನು ಹರಸುತ್ತಾರೆ. ಜನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆ ಕೊರೆಯುವ ನೀರಲ್ಲಿ ಮೂರು ಸಲ ಮುಳುಗಿ ಏಳುತ್ತಾರೆ. ಗುರುತು ಹಾಕಿಕೊಳ್ಳುವುದಕ್ಕೆ ‘ಕ್ರೆಸ್ತೀತ್ಸ’ ಅಂತಾರೆ. ದೀಕ್ಷಾಸ್ನಾನ ಪಡೆಯುವುದಕ್ಕೂ ಅದೇ ಮಾತು.

ರೋಮಿನ ಚರ್ಚಿನ ಕಡೆ ಉಳಿದ ಸ್ಲಾವ್ ಜನರಲ್ಲಿ ಈ ಜೋಡಿ ಒಡೆಯಿತು. ಪೋಲಿಷ್, ಜೆಕ್, ಸ್ಲೊವೀನಿಯನ್, ಕ್ರೊಯೇಷಿಯನ್ ಎಲ್ಲವೂ ಶಿಲುಬೆಗೆ ಲ್ಯಾಟಿನ್ನಿನ ಕ್ರುಕ್ಸ್‌ನಿಂದ ಬಂದ ಪದ ಹಿಡಿದವು. ದೀಕ್ಷಾಸ್ನಾನಕ್ಕೆ ಮಾತ್ರ ಕ್ರಿಸ್ತನ ಹೆಸರಿನ ಹಳೇ ಪದವನ್ನೇ ಉಳಿಸಿಕೊಂಡವು. ಧರ್ಮ ನಡೆದು ಬಂದ ದಾರಿ ಪದದಲ್ಲೇ ಕಾಣುತ್ತದೆ. ನಮ್ಮ ‘ಶಿಲುಬೆ’ಯೂ ಸುಮ್ನೆ ಬಂದದ್ದಲ್ಲ, ಅದರ ಮೂಲ ಸಿರಿಯಾಕ್ ಭಾಷೆಯ ‘ಸ್ಲೀಬಾ’. ಕೇರಳದ ಸುರಿಯಾನಿ ಕ್ರೈಸ್ತರು ಈಗಲೂ ‘ಸ್ಲೀವಾ’ ಅನ್ನುತ್ತಾರೆ.

ನನ್ನ ಮನಸ್ಸಿಗೆ ತುಂಬ ತಟ್ಟುವುದು ಸರ್ಬಿಯಾ ಮತ್ತು ಕ್ರೊಯೇಷಿಯಾದ ಸಂಗತಿ. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. ಆದರೂ ರೆಡ್ ಕ್ರಾಸ್ ಸಂಸ್ಥೆ ಬೆಲ್‌ಗ್ರೇಡಿನಲ್ಲಿ ‘ತ್ಸ್ರ್ವೆನಿ ಕೃಸ್ತ್’, ಜಾಗ್ರೆಬ್‌ನಲ್ಲಿ ‘ತ್ಸ್ರ್ವೆನಿ ಕ್ರಿಜ್’. ನಡುವಿನ ಬೋಸ್ನಿಯಾದ ಸಂಸ್ಥೆ ತನ್ನ ಹೆಸರಲ್ಲೇ ಎರಡನ್ನೂ ಬರೆದುಕೊಂಡಿದೆ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ದಿನ ಮಾತ್ರ ಎರಡೂ ಊರಿನವರ ಬಾಯಲ್ಲಿ ಬರುವುದು ಒಂದೇ ಪದ: ಕೃಶ್ತೆನ್ಯೆ.