ಹೋರ್ನ್‌ಸ್ಟ್ರಾಂದಿರ್‌ಗೆ ನರಿ ನೋಡಲು ಹೋಗುವವರಿಗೆ

ಆರ್ಕ್‌ಟಿಕ್ ನರಿಯನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ಐಸ್‌ಲ್ಯಾಂಡ್‌ನ ವಾಯವ್ಯ ತುದಿಯ ಹೋರ್ನ್‌ಸ್ಟ್ರಾಂದಿರ್‌ಗೆ ಹೋಗಿ. 1975ರಿಂದ ಅದು ಸಂರಕ್ಷಿತ ಪ್ರದೇಶ. ಅಲ್ಲಿ ನರಿ ಬೇಟೆ ಇಲ್ಲ, ಹಾಗಾಗಿ ಅವಕ್ಕೆ ಮನುಷ್ಯರ ಭಯ ಕಡಿಮೆ. ರಸ್ತೆಯೂ ಇಲ್ಲ, ಅಂಗಡಿಯೂ ಇಲ್ಲ. ಬೇಸಿಗೆಯಲ್ಲಿ ಇಸಾಫ್ಯೋರ್ದುರ್ ಪಟ್ಟಣದಿಂದ ದೋಣಿ ಹೊರಡುತ್ತದೆ, ಮೊದಲೇ ಟಿಕೆಟ್ ಮಾಡಿಸಿ.

ಜೂನ್ ಕೊನೆ ಅಥವಾ ಜುಲೈ ಒಳ್ಳೆಯ ಸಮಯ. ಆಗ ಮರಿಗಳು ಬಿಲದಿಂದ ಹೊರಗೆ ಬಂದಿರುತ್ತವೆ. ಆದರೆ ಬೆಳ್ಳಗಿನ ನರಿಯೇ ಸಿಗುತ್ತದೆ ಅಂದುಕೊಳ್ಳಬೇಡಿ. ಬಿಳಿ ಬಣ್ಣದವೂ ಬೇಸಿಗೆಗೆ ಕಂದು ಬಣ್ಣಕ್ಕೆ ತಿರುಗುತ್ತವೆ. ಕರಾವಳಿಯಲ್ಲಿ ವರ್ಷವಿಡೀ ಗಾಢ ಬಣ್ಣದಲ್ಲೇ ಇರುವ ನರಿಗಳೇ ಜಾಸ್ತಿ. ಕಪ್ಪು ಬಂಡೆಗಳ ನಡುವೆ ಅವು ಕಣ್ಣಿಗೇ ಬೀಳುವುದಿಲ್ಲ.

ಹೋರ್ನ್‌ಬ್ಯಾರ್ಗ್ ಬಂಡೆಗೋಡೆಯ ಹತ್ತಿರದ ಹುಲ್ಲಿನಲ್ಲಿ ಸುಮ್ನೆ ಕೂತುಬಿಡಿ. ಬೆನ್ನಟ್ಟಿ ಹೋದರೆ ನರಿ ದೂರವಾಗುತ್ತದೆ, ಕೂತರೆ ತಾನೇ ಬರುತ್ತದೆ. ನಾನು ನೋಡಿದ ನರಿಯ ಪಕ್ಕೆಯಲ್ಲಿ ಹಳೆಯ ಚಳಿಗಾಲದ ತುಪ್ಪಳ ಗಂಟುಗಂಟಾಗಿ ನೇತಾಡುತ್ತಿತ್ತು. ಬಾಯಲ್ಲಿ ಒಂದು ಹಕ್ಕಿಮೊಟ್ಟೆ, ಒಡೆದಿರಲಿಲ್ಲ. ಪಾಚಿಯಲ್ಲಿ ಸಣ್ಣ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮೂತಿಯಿಂದಲೇ ಪಾಚಿ ಒತ್ತಿ ಮುಚ್ಚಿತು. ಮತ್ತೆ ಬಂಡೆಯತ್ತ ಓಡಿತು.

ಚಳಿಯನ್ನು ಗೆಲ್ಲುವುದು ಹೀಗೇ. ಈ ನರಿ ಶೀತನಿದ್ರೆ ಮಾಡುವುದಿಲ್ಲ, ಚಳಿಗಾಲವಿಡೀ ಊಟ ಹುಡುಕಬೇಕು. ಬೇಸಿಗೆಯಲ್ಲಿ ಬಚ್ಚಿಟ್ಟದ್ದು ಆಗ ಕೈಹಿಡಿಯುತ್ತದೆ. ತೂಕ ಮೂರು ನಾಲ್ಕು ಕೆಜಿ ಅಷ್ಟೇ, ಆದರೂ ದಟ್ಟ ತುಪ್ಪಳದಿಂದಾಗಿ ಮೈನಸ್ 40 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ಕಿವಿ, ಮೂತಿ ಚಿಕ್ಕವು, ಹಾಗಾಗಿ ಶಾಖ ಸೋರುವುದು ಕಡಿಮೆ. ಅಂಗಾಲಿನಲ್ಲೂ ಕೂದಲಿದೆ. ಪಾದಕ್ಕೆ ಇಳಿಯುವ ಬಿಸಿ ರಕ್ತ, ಮೇಲೇರುವ ತಣ್ಣನೆಯ ರಕ್ತವನ್ನು ದಾರಿಯಲ್ಲೇ ಬೆಚ್ಚಗೆ ಮಾಡುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ! ಇಸಾಫ್ಯೋರ್ದುರ್ ಹತ್ತಿರದ ಸೂದಾವಿಕ್‌ನಲ್ಲಿ ಆರ್ಕ್‌ಟಿಕ್ ನರಿ ಕೇಂದ್ರವಿದೆ, ದೋಣಿ ಹತ್ತುವ ಮೊದಲೇ ಅಲ್ಲಿಗೆ ಹೋಗಿ ಬನ್ನಿ.

ದಯವಿಟ್ಟು ನರಿಗೆ ತಿಂಡಿ ಹಾಕಬೇಡಿ. ಮರಿಗಳಿರುವ ಬಿಲದ ಹತ್ತಿರ ನಿಂತರೆ ತಾಯಿ ತಂದೆ ಆಹಾರ ತರಲು ಹೆದರುತ್ತವೆ. ಒಂದು ಚೂರು ದೂರದಿಂದ ನೋಡಿ ಸರಿದುಬಿಡಿ. ರಾತ್ರಿ ಊಟದ ಚೀಲ, ಬೂಟು ಎರಡೂ ಟೆಂಟ್ ಒಳಗಿರಲಿ, ಹೊರಗಿಟ್ಟರೆ ಹೊತ್ತೊಯ್ಯುತ್ತವೆ. ಜುಲೈನಲ್ಲೂ ಮಂಜು, ಮಳೆ, ಜೋರು ಗಾಳಿ ಇರುತ್ತದೆ. ಸಮುದ್ರ ಕೆಟ್ಟರೆ ದೋಣಿ ಬರುವುದಿಲ್ಲ, ಹಾಗಾಗಿ ಹೆಚ್ಚುವರಿ ಊಟ ಒಯ್ಯಿರಿ, ವಾಪಸ್ ವಿಮಾನವನ್ನು ಅದೇ ದಿನಕ್ಕೆ ಬುಕ್ ಮಾಡಬೇಡಿ.