ಜೂನ್ ಒಂದರ ಮೊದಲು: ಟ್ಯಾಂಪಾದ ನಮ್ಮ ಮನೆಯ ಹರಿಕೇನ್ ಸಿದ್ಧತೆ

ಉಡುಪಿಯ ಕಡೆಯ ನಮ್ಮ ಮನೆಯಲ್ಲಿ ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಪ್ಪ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರು, ಅಮ್ಮ ಸೌದೆಯನ್ನೆಲ್ಲ ಒಳಗೆ ಸೇರಿಸಿ ಹಪ್ಪಳದ ಡಬ್ಬಿಗಳ ಬಾಯಿ ಬಿಗಿಯುತ್ತಿದ್ದರು. ಮಳೆ ಹಿಡಿದ ಮೇಲೆ ತಟ್ಟಿ ಕಟ್ಟುವ ಮನೆಯನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ. ಈಗ ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಇಲ್ಲಿಯೂ ಕ್ಯಾಲೆಂಡರು ಹೆಚ್ಚುಕಡಿಮೆ ಅದೇ: ಅಟ್ಲಾಂಟಿಕ್ ಸಾಗರದ ಹರಿಕೇನ್ (ಚಂಡಮಾರುತ) ಋತು ಜೂನ್ 1ಕ್ಕೆ ಆರಂಭವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ, ಸೆಪ್ಟೆಂಬರ್ ಎರಡನೆಯ ವಾರದ ಹೊತ್ತಿಗೆ ಅದರ ಉತ್ಕಟಾವಸ್ಥೆ. ಆದರೆ ಸ್ವಂತ ಮನೆ ಕೊಂಡ ಮೊದಲ ಎರಡು ವರ್ಷ ನಾನು ಅಪ್ಪನಿಂದ ಕಲಿತದ್ದನ್ನು ಮರೆತು, ಬಿರುಗಾಳಿಗೆ ಹೆಸರಿಟ್ಟ ಮೇಲೆ ಅಂಗಡಿಗೆ ಓಡುವವರ ಸಾಲಿನಲ್ಲಿ ನಿಂತಿದ್ದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ. ಈ ಊರಿಗೆ ಹೊಸದಾಗಿ ಬಂದು ಮನೆ ಕೊಳ್ಳುತ್ತಿರುವ ಕನ್ನಡಿಗರು ಕೆಲವರು ಈಚೆಗೆ ಪದೇಪದೇ ಪ್ರಶ್ನೆ ಕೇಳುತ್ತಿರುವುದರಿಂದ, ನನಗೆ ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲರೂ ಮೊದಲು ನೋಡುವುದು ನಕ್ಷೆಯನ್ನು. ಮಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರ್, ಚಂಡಮಾರುತ ಎದ್ದಿರುವ ದಿನಗಳಲ್ಲಿ ಬೆಳಗಿನ 5, 11, ಸಂಜೆಯ 5, ರಾತ್ರಿಯ 11 ಗಂಟೆಗೆ ತನ್ನ ಮುನ್ಸೂಚನೆಯನ್ನು ಹೊರಡಿಸುತ್ತದೆ. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ಇವುಗಳ ನಡುವೆಯೂ ಮಾಹಿತಿ ಬರುತ್ತದೆ. ಆ ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಬಿಳಿಯ ಶಂಕುವೊಂದಿರುತ್ತದೆ. ಇದನ್ನು ಚಂಡಮಾರುತದ ಗಾತ್ರವೆಂದು ತಿಳಿಯುವವರೇ ಹೆಚ್ಚು. ಅದು ಗಾತ್ರವನ್ನು ಹೇಳುವುದೇ ಇಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆಗಳು ಎಷ್ಟು ತಪ್ಪಿದ್ದವು ಎಂಬ ಲೆಕ್ಕದಿಂದ ಶಂಕುವಿನ ಅಗಲವನ್ನು ನಿರ್ಧರಿಸುತ್ತಾರೆ, ಮತ್ತು ಚಂಡಮಾರುತದ ಕೇಂದ್ರವು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಮಾತ್ರ ಅದರೊಳಗೆ ಉಳಿಯುತ್ತದೆ. ಗಾಳಿ, ಮಳೆ, ಕಡಲ ನೀರು ಇವೆಲ್ಲವೂ ಶಂಕುವಿನ ಹೊರಗೆ ಬಹುದೂರ ಚಾಚಬಲ್ಲವು. 2022ರಲ್ಲಿ ಇಯಾನ್ ಚಂಡಮಾರುತ ಬಂದಾಗ, ಅದರ ಕೇಂದ್ರ ಸಾಗುವ ದಾರಿಯೆಂದು ನಕ್ಷೆಯಲ್ಲಿ ಎಳೆದ ಗೆರೆ ಆರಂಭದ ದಿನಗಳಲ್ಲಿ ನಮ್ಮ ಟ್ಯಾಂಪಾದ ಕಡೆಗೇ ಇತ್ತು. ಆಮೇಲೆ ಇಯಾನ್ ದಕ್ಷಿಣಕ್ಕೆ ಸರಿದು, ಸೆಪ್ಟೆಂಬರ್ 28ರಂದು ಕೇಯೋ ಕೋಸ್ಟಾ ದ್ವೀಪದ ಬಳಿ ದಡ ಸೇರಿ ಫೋರ್ಟ್ ಮೈಯರ್ಸ್ ಕಡಲತೀರವನ್ನು ನೆಲಸಮ ಮಾಡಿತು. ನಾವು ಬದುಕಿಕೊಂಡೆವು ಎಂದು ಇಲ್ಲಿ ಅನೇಕರು ನಿಟ್ಟುಸಿರುಬಿಟ್ಟರು. ಗೆರೆ ತಪ್ಪಿದರೆ ಅಪಾಯವೂ ತಪ್ಪಿತೆಂಬ ತಪ್ಪು ನಂಬಿಕೆ ನಮ್ಮಲ್ಲಿ ಬೇರೂರಿದ್ದು ಆಗಲೇ ಎಂದು ನನಗನ್ನಿಸುತ್ತದೆ.

ಅದರ ಬೆಲೆಯನ್ನು 2024ರಲ್ಲಿ ತೆತ್ತೆವು. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತವು ನಮ್ಮಿಂದ ನೂರು ಮೈಲಿಗೂ ಹೆಚ್ಚು ದೂರದಲ್ಲಿ, ಗಲ್ಫ್ ಸಮುದ್ರದ (ಮೆಕ್ಸಿಕೋ ಕೊಲ್ಲಿಯ) ನಡುವೆಯೇ ಉತ್ತರಕ್ಕೆ ಸಾಗಿ, ಪೆರಿ ಎಂಬ ಊರಿನ ಬಳಿ, ಐದು ವರ್ಗಗಳಲ್ಲಿ ನಾಲ್ಕನೆಯ ವರ್ಗದ ಹರಿಕೇನ್ ಆಗಿ ನೆಲ ಮುಟ್ಟಿತು. ಟ್ಯಾಂಪಾದಲ್ಲಿ ಗಾಳಿ ಹೇಳಿಕೊಳ್ಳುವಂತೇನೂ ಇರಲಿಲ್ಲ. ಆದರೆ ಹೆಲೀನ್ ತಳ್ಳಿದ ಕಡಲ ನೀರು, ಇಲ್ಲಿನವರು ಸ್ಟಾರ್ಮ್ ಸರ್ಜ್ ಎನ್ನುವುದು, ಟ್ಯಾಂಪಾ ಕೊಲ್ಲಿಯೊಳಗೆ ಆರೇಳು ಅಡಿ ಏರಿತು. ನೀರು ನಮ್ಮ ಬೀದಿಯ ತುದಿಯವರೆಗೆ ಬಂದು ನಿಂತಿತು. ಪಕ್ಕದ ಊರಾದ ಸೇಂಟ್ ಪೀಟರ್ಸ್‌ಬರ್ಗ್‌ನ ತಗ್ಗಿನಲ್ಲಿರುವ ನಮ್ಮ ಸ್ನೇಹಿತರೊಬ್ಬರು ಗೆರೆ ದೂರವಿದೆಯೆಂದು ಮನೆಯಲ್ಲೇ ಉಳಿದಿದ್ದರು. ರಾತ್ರಿ ಹಿಂಬಾಗಿಲ ಹೊಸ್ತಿಲಿನ ಸಂದಿಯಿಂದ ನೀರು ಜಿನುಗಲು ಆರಂಭಿಸಿ, ಒಂದು ಗಂಟೆಯೊಳಗೆ ಸೊಂಟದವರೆಗೆ ಬಂದಾಗ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಪಕ್ಕದ ಮನೆಯ ಮಹಡಿಗೆ ಹೋಗಬೇಕಾಯಿತು.

ಆ ಶನಿವಾರ ನಾವು ನಾಲ್ಕು ಜನ ಅವರ ಮನೆ ತೊಳೆಯಲು ಹೋದೆವು. ಫ್ರಿಜ್ ತೇಲಿ ಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಮಲಗಿತ್ತು. ಗೋಡೆಯ ಮೇಲೆ ನೀರು ನಿಂತ ಗುರುತು ಸ್ಕೇಲಿಟ್ಟು ಎಳೆದಂತೆ ಎಲ್ಲ ಕೋಣೆಗಳಲ್ಲೂ ಒಂದೇ ಎತ್ತರದಲ್ಲಿತ್ತು. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಉಪ್ಪುನೀರು ಕುಡಿದು ಒಡೆದು, ಅಕ್ಕಿ ಕೆಸರಿನೊಂದಿಗೆ ಬೆರೆತು ಹುಳಿ ವಾಸನೆ ಬರುತ್ತಿತ್ತು. ಇಲ್ಲಿನ ಒಳಗೋಡೆಗಳು ಜಿಪ್ಸಮ್ ಹಲಗೆಯವು. ಒಂದು ಸಲ ನೆನೆದರೆ ಬೂಸ್ಟು ಹಿಡಿಯುವುದರಿಂದ ನಾಲ್ಕು ಅಡಿ ಎತ್ತರದವರೆಗೆ ಕತ್ತರಿಸಿ ತೆಗೆಯಬೇಕು. ಸಂಜೆಯ ಹೊತ್ತಿಗೆ ಆ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಗೋಡೆಯೊಳಗಿನ ಮರದ ಕಂಬಗಳ ನಡುವೆಯೇ ಹಾದು ಹೋಗಬಹುದಾಗಿತ್ತು. ದೇವರ ಫೋಟೋಗಳು ಎತ್ತರದ ಕಪಾಟಿನಲ್ಲಿದ್ದುದರಿಂದ ಉಳಿದಿದ್ದವು.

ಆದ್ದರಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ: ಚಂಡಮಾರುತ ಎಲ್ಲಿದೆ ಎಂದು ನೋಡುವ ಮೊದಲು ನಿಮ್ಮ ಮನೆ ಎಲ್ಲಿದೆ ಎಂದು ತಿಳಿದುಕೊಳ್ಳಿ. ಇಲ್ಲಿ ಎರಡು ಬಗೆಯ ವಲಯಗಳಿವೆ, ಇವೆರಡನ್ನೂ ಒಂದೇ ಎಂದು ಭಾವಿಸಿ ಕೆಡುವವರು ಬಹಳ. ಎ ಇಂದ ಇ ವರೆಗಿನ ತೆರವು ವಲಯಗಳನ್ನು ಕೌಂಟಿ (ಜಿಲ್ಲಾ) ಆಡಳಿತವು ಕಡಲ ನೀರು ಏರುವ ಅಪಾಯದ ಮೇಲೆ ಗುರುತಿಸುತ್ತದೆ. ಮನೆ ಬಿಟ್ಟು ಹೊರಡಬೇಕೋ ಬೇಡವೋ ಎಂಬುದು ಇದರಿಂದ ತೀರ್ಮಾನವಾಗುತ್ತದೆ. ಎಇ, ವಿಇ, ಎಕ್ಸ್ ಮೊದಲಾದ ಪ್ರವಾಹ ವಲಯಗಳು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ನಕ್ಷೆಯವು. ಸಾಲ ಮತ್ತು ವಿಮೆಯ ಲೆಕ್ಕಕ್ಕೆ ಬಳಕೆಯಾಗುತ್ತವೆ. ನಮ್ಮ ಮನೆ ಪ್ರವಾಹ ನಕ್ಷೆಯಲ್ಲಿ ಎಕ್ಸ್, ತೆರವು ನಕ್ಷೆಯಲ್ಲಿ ಬಿ. ಮನೆ ಕೊಳ್ಳುವಾಗ ನಮ್ಮ ವಿಮಾ ಏಜೆಂಟರು ಎಕ್ಸ್ ಎಂಬ ಅಕ್ಷರವನ್ನು ತೋರಿಸಿ ನಿಮಗೆ ನೀರಿನ ಚಿಂತೆಯಿಲ್ಲ ಎಂದಿದ್ದರು. ಬಿ ಎಂಬ ಅಕ್ಷರದ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹದ ಹಾನಿ ಸೇರಿರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು, ಮತ್ತು ಕೇಂದ್ರ ಸರ್ಕಾರದ ಪ್ರವಾಹ ವಿಮಾ ಯೋಜನೆಯಲ್ಲಿ ಹಣ ಕಟ್ಟಿದ ದಿನದಿಂದ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಅದು ಜಾರಿಗೆ ಬರುತ್ತದೆ. ಗಲ್ಫ್‌ನಲ್ಲಿ ಹುಟ್ಟಿದ ಬಿರುಗಾಳಿ ಕೆಲವೇ ದಿನಗಳಲ್ಲಿ ಮನೆಬಾಗಿಲಿಗೆ ಬರುವಾಗ 30 ದಿನ ಎಲ್ಲಿಂದ ತರುವುದು? ಗಾಳಿಯ ಹಾನಿಗೂ ಹರಿಕೇನ್ ಡಿಡಕ್ಟಿಬಲ್ ಎಂಬ ಬೇರೆಯ ಷರತ್ತಿದೆ. ಅದು ಮನೆಯ ವಿಮಾ ಮೊತ್ತದ ಶೇಕಡಾ 2, 5 ಅಥವಾ 10 ಆಗಿರಬಹುದು. ನಾಲ್ಕು ಲಕ್ಷ ಡಾಲರಿನ ಮನೆಗೆ ಶೇಕಡಾ 5 ಎಂದರೆ ಮೊದಲ ಇಪ್ಪತ್ತು ಸಾವಿರ ಡಾಲರ್ ನಮ್ಮ ಕೈಯಿಂದಲೇ ಹೋಗುತ್ತದೆ. ಪಾಲಿಸಿಯ ಮೊದಲ ಪುಟದಲ್ಲೇ ಇದು ಅಚ್ಚಾಗಿರುತ್ತದೆ, ದಯವಿಟ್ಟು ಇವತ್ತೇ ತೆಗೆದು ಓದಿ.

ಹೆಲೀನ್ ಹೋಗಿ ಎರಡು ವಾರ ಕಳೆಯುವಷ್ಟರಲ್ಲಿ ಮಿಲ್ಟನ್ ಬಂತು. ಅಕ್ಟೋಬರ್ 5ರಂದು ಹುಟ್ಟಿ 7ರ ಹೊತ್ತಿಗೆ ಗಂಟೆಗೆ 180 ಮೈಲಿ ವೇಗದ, ಐದನೆಯ ವರ್ಗದ ಹರಿಕೇನ್ ಆಯಿತು. ನಮ್ಮ ಬಿ ವಲಯಕ್ಕೂ ತೆರವು ಆದೇಶ ಬಂತು. ಬೀದಿಗಳ ಬದಿಯಲ್ಲಿ ಹೆಲೀನ್ ಹಾಳುಮಾಡಿದ ಸೋಫಾ, ಹಾಸಿಗೆ, ಹಲಗೆಗಳ ರಾಶಿಗಳು ಇನ್ನೂ ಬಿದ್ದಿದ್ದವು. ಅವೆಲ್ಲ ಗಾಳಿಗೆ ಹಾರಿ ಬರುತ್ತವೆಂಬ ಭಯ ಬೇರೆ. ನಾವು ಎಂಟರ ಬೆಳಿಗ್ಗೆ ಆರ್ಲ್ಯಾಂಡೋ ಕಡೆಯ ಬಂಧುಗಳ ಮನೆಗೆ ಹೊರಟೆವು. ನೀರಿನಿಂದ ಓಡು, ಗಾಳಿಯಿಂದ ಅಡಗು ಎಂಬುದು ಇಲ್ಲಿನ ರೂಢಿಯ ಮಾತು. ಓಡುವುದೆಂದರೆ ನೂರಾರು ಮೈಲಿ ಓಡಬೇಕೆಂದಲ್ಲ, ನೀರು ತಲುಪದ ಎತ್ತರದಲ್ಲಿ ಗಟ್ಟಿಯಾದ ಸೂರು ಸಿಕ್ಕರೆ ಸಾಕು. ಒಂಬತ್ತರ ರಾತ್ರಿ ಮಿಲ್ಟನ್ ನಮ್ಮ ದಕ್ಷಿಣದ ಸಿಯೆಸ್ಟಾ ಕೀ ಬಳಿ ಮೂರನೆಯ ವರ್ಗಕ್ಕಿಳಿದು ದಡ ಸೇರಿತು. ಕೇಂದ್ರ ದಕ್ಷಿಣಕ್ಕೆ ಹೋದದ್ದರಿಂದ ನಮ್ಮ ಕಡೆ ಗಾಳಿ ನೆಲದಿಂದ ಕಡಲಿನತ್ತ ಬೀಸಿ, ಕೊಲ್ಲಿಯ ನೀರನ್ನೇ ಹೊರಕ್ಕೆ ಎಳೆದೊಯ್ದಿತು. ಕೇಂದ್ರ ಸ್ವಲ್ಪ ಉತ್ತರಕ್ಕೆ ಬಂದಿದ್ದರೆ ಅದೇ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತಿತ್ತು. ಆದರೂ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು, ಅಲ್ಲಿನ ಟ್ರೋಪಿಕಾನಾ ಫೀಲ್ಡ್ ಕ್ರೀಡಾಂಗಣದ ಛಾವಣಿ ಚಿಂದಿಯಾಯಿತು.

ವರ್ಗದ ಸಂಖ್ಯೆ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ, ನೀರಿನ ವಿಷಯ ಅದರಲ್ಲಿಲ್ಲ. ಹಾಗಾಗಿ ನಾನು ಈಗ ಹರಿಕೇನ್ ಸೆಂಟರಿನ ಸರ್ಜ್ ನಕ್ಷೆಯನ್ನು ಮೊದಲು ತೆರೆಯುತ್ತೇನೆ. ಒಣ ನೆಲದ ಮೇಲೆ ನೀರು ಎಷ್ಟು ಅಡಿ ಏರಬಹುದೆಂದು ಅದರಲ್ಲಿ ನೇರವಾಗಿ ಬರೆದಿರುತ್ತದೆ.

ಮನೆಯ ವಿಷಯದಲ್ಲಿ ಹಣ ಹಾಕುವುದಾದರೆ ಗ್ಯಾರೇಜ್ ಬಾಗಿಲಿಗೆ ಹಾಕಿ. ಅದು ಮನೆಯ ಅತ್ಯಂತ ಅಗಲವಾದ, ಅತ್ಯಂತ ದುರ್ಬಲ ತೆರಪು; ಅದು ಒಳಕ್ಕೆ ಕುಸಿದರೆ ನುಗ್ಗಿದ ಗಾಳಿ ಛಾವಣಿಯನ್ನು ಒಳಗಿನಿಂದ ಮೇಲಕ್ಕೆ ಎತ್ತುತ್ತದೆ. 1992ರ ಆಂಡ್ರೂ ಚಂಡಮಾರುತದ ನಂತರ ಕಟ್ಟಡ ನಿಯಮಗಳು ಬಿಗಿಯಾಗಿ, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. ಅದಕ್ಕೂ ಹಳೆಯ ಮನೆಯಾದರೆ ಛಾವಣಿಯ ಮರಗಳನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿಗಳಿವೆಯೇ ಎಂದು ಪರೀಕ್ಷೆ ಮಾಡಿಸಿ. ಇದ್ದರೆ ವಿಮೆಯ ಕಂತೂ ಇಳಿಯುತ್ತದೆ.

ಸಾಮಾನಿನ ವಿಷಯ ಎಲ್ಲರಿಗೂ ಗೊತ್ತಿರುವುದೇ: ತಲಾ ದಿನಕ್ಕೆ ಒಂದು ಗ್ಯಾಲನ್ ನೀರು, ಔಷಧಿ, ಟಾರ್ಚು, ಒಂದಷ್ಟು ನಗದು. ಕರೆಂಟಿಲ್ಲದಾಗ ಒಲೆಯೂ ಉರಿಯುವುದಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಇರುತ್ತವೆ. ಹೊರಡುವ ಮೊದಲು ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಗಟ್ಟಿಯಾಗಿಸಿ ಮೇಲೊಂದು ನಾಣ್ಯವಿಡಿ. ಮರಳಿ ಬಂದಾಗ ನಾಣ್ಯ ತಳಕ್ಕಿಳಿದಿದ್ದರೆ ಒಳಗಿನದೆಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ಅರ್ಥ, ಅದನ್ನು ತಿನ್ನಬಾರದು. ಜನರೇಟರನ್ನು ಮಾತ್ರ ಯಾವ ಕಾರಣಕ್ಕೂ ಗ್ಯಾರೇಜಿನೊಳಗೆ ನಡೆಸಬೇಡಿ. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿರಲಿ. ಬಿರುಗಾಳಿಯಿಂದ ಪಾರಾದವರು ಆಮೇಲೆ ಜನರೇಟರಿನ ಹೊಗೆಯಿಂದ ಸಾಯುವುದು ಇಲ್ಲಿ ಮತ್ತೆಮತ್ತೆ ನಡೆಯುತ್ತಿದೆ.

ಈ ಶನಿವಾರ ಮಗಳೂ ನಾನೂ ಸೇರಿ ಗಾಳಿಯ ತಡೆಗೆ ಕಿಟಕಿಗಳ ಮೇಲೆ ಬಿಗಿಯುವ ಅಲ್ಯೂಮಿನಿಯಂ ಹಲಗೆಗಳನ್ನು ಒಮ್ಮೆ ಏರಿಸಿ ನೋಡಿದೆವು. ಯಾವುದು ಯಾವ ಕಿಟಕಿಯದೆಂದು ಅವಳು ದಪ್ಪ ಪೆನ್ನಿನಿಂದ ಸಂಖ್ಯೆ ಬರೆದಿದ್ದಾಳೆ. ಹಿತ್ತಲ ಕಡೆಯ ಏಳನೆಯದಕ್ಕೆ ಎರಡು ನಟ್ಟುಗಳು ಕಡಿಮೆ ಇದ್ದವು; ಹಿಂದೊಮ್ಮೆ ಬಿಚ್ಚುವಾಗ ಹುಲ್ಲಿನಲ್ಲಿ ಬಿದ್ದಿರಬೇಕು. ಹೊಸ ಪೊಟ್ಟಣ ತಂದು ಆ ಹಲಗೆಗೇ ಕಟ್ಟಿಟ್ಟಿದ್ದೇನೆ.